ನಾಲ್ವರು ಅತ್ತೆಯರು, ಒಂದು ಸೀರೆ

ಮತ್ತೆ ಕೆನ್ನೆ ಹಸಿರಾಯಿತು, ಥೂ, ಸೀರೆಯ ಬಣ್ಣ ಬದಲಾಯಿಸು ಎಂದರೆ ರಾಧಾಮಣಿ ಅತ್ತೆಯ ಮುಖಕ್ಕೂ ಹಸಿರು ಬಳಿದು ಕೂತಿದೆ ಈ ಹಾಳು ಆ್ಯಪು, ಅದಕ್ಕೇನು ಗೊತ್ತು, ಆಗೆಲ್ಲ ಹುಡುಗಿಯ ಫೋಟೋ ಗಂಡಿನ ಮನೆಗೆ ಕಳಿಸಬೇಕೆಂದರೆ ಕೆನ್ನೆಗೆ ಅರಿಸಿನ ಹಚ್ಚಿಯೇ ಸ್ಟುಡಿಯೋಗೆ ಕರೆದೊಯ್ಯುತ್ತಿದ್ದರೆಂದು, ಸೀರೆಯೂ ಅರಿಸಿನ, ಕೆನ್ನೆಯೂ ಅರಿಸಿನ — ಎಲ್ಲ ನನ್ನ ಕರ್ಮ. ತಮ್ಮ ಅಂಜನ್ ಮಧುಗಿರಿಯಲ್ಲಿ ಮನೆ ಕಟ್ಟಿಸಿದ್ದಾನೆ, ನಾಳಿದ್ದು ಗೃಹಪ್ರವೇಶ, ಹಾಲ್‌ನ ಗೋಡೆಗೆ ಮನೆಯವರೆಲ್ಲ ಸಾಲಾಗಿ ನಿಂತ ಫೋಟೋ ಬೇಕಂತೆ, ಯಾವತ್ತು ನಿಂತಿದ್ದರು ಇವರು ಸಾಲಾಗಿ, ಅಕ್ಕಾ ನೀನು ಸ್ಕೂಲಲ್ಲಿ ಕಂಪ್ಯೂಟರ್ ಹೇಳ್ಕೊಡ್ತೀಯಲ್ಲ, ಜೋಡಿಸ್ಬುಡು ಅಂದ, ಅವನ ಗಂಟೇನು ಹೋಗುತ್ತದೆ. ಅಪ್ಪನ ನಾಲ್ವರು ತಂಗಿಯರ ಹಳೆಯ ಸ್ಟುಡಿಯೋ ಫೋಟೋ ತರಿಸಿ, ಕತ್ತರಿಸಿ, ಅಪ್ಪನ ಆ ಕಡೆ ಇಬ್ಬರು ಈ ಕಡೆ ಇಬ್ಬರು ನಿಲ್ಲಿಸಿದ ಮೇಲೆ ಕಂಡಿತು, ನಾಲ್ವರೂ ಉಟ್ಟಿರುವುದು ಒಂದೇ ಸೀರೆ, ಒಂದೇ ಬಣ್ಣದ್ದಲ್ಲ, ಅದೇ ಸೀರೆ, ಅಮ್ಮನ ಧಾರೆ ಸೀರೆ, ಒಬ್ಬೊಬ್ಬರು ಒಂದೊಂದು ವರ್ಷ ಉಟ್ಟದ್ದರಿಂದ ಇಷ್ಟು ದಿನ ಯಾರೂ ಗಮನಿಸಿರಲಿಲ್ಲ, ಈಗ ನೋಡಿದರೆ ಬ್ಯಾಂಡ್‌ಸೆಟ್‌ನವರ ಥರ ಇದ್ದಾರೆ.

ಜೋಡಿಸಿದ್ದನ್ನು ರಾಧಾಮಣಿ ಅತ್ತೆಗೆ ಕಳಿಸಿದ್ದೇ ತಪ್ಪಾಯಿತು, ಪಾವಗಡದಿಂದ ವಾಯ್ಸ್ ಮೆಸೇಜ್ ಮೇಲೆ ವಾಯ್ಸ್ ಮೆಸೇಜ್, ಲೋಹಿತಾ, ಬೀಗರು ಬರ್ತಾರೆ ಕಣೇ, ಪರುವು ಪೋತುಂದಿ, ಮಾನ ಹೋಗ್ತದೆ, ಮನೇಗೆಲ್ಲ ಒಂದೇ ಸೀರೆ ಇತ್ತು ಅಂತ ಊರಿಗೇ ಸಾರ್ತೀಯಾ, ನಂದು ಹಸ್ರು ಮಾಡ್ಬುಡು — ಮಾಡುತ್ತಿದ್ದೇನಲ್ಲ ತಾಯಿ, ಮುಖಸಮೇತ. ಅವರ ಮಾನದ ಚಿಂತೆ ಅವರಿಗೆ, ನನ್ನದೇ ಬೇರೆ, ಅಮ್ಮನದು ಒಂದೂ ನೆಟ್ಟಗಿನ ಫೋಟೋ ಇಲ್ಲ, ಮದುವೆಯಲ್ಲೂ ತೆಗೆಸಲಿಲ್ಲವಂತೆ, ಇರುವುದು ಆಧಾರ್ ಕಾರ್ಡಿನ ಬೆಚ್ಚಿಬಿದ್ದ ಮುಖ, ಆ ಸೀರೆಯೋ ಹರಿದು ಕೌದಿಯೊಳಗೆ ಸೇರಿ ಕಾಲವಾಯಿತು, ಅವಳ ಸೀರೆ ಎಲ್ಲರ ಮೈಮೇಲೆ, ಅವಳ ಮೈಮೇಲೆ ಮಾತ್ರ ಇಲ್ಲ ಅಂದರೆ ಹೊಟ್ಟೆ ಉರಿಯುವುದಿಲ್ಲವೇ, ನಡುಮಧ್ಯೆ ಅದೇ ಸೀರೆಯಲ್ಲೇ ನಿಲ್ಲಿಸುತ್ತೇನೆ ಎಂದು ಹಟ ಹಿಡಿದು ದೊಡ್ಡತ್ತೆಯ ಮೈಯ ನಕಲಿಗೆ ಅಮ್ಮನ ಮುಖ ಅಂಟಿಸಿದೆ, ಕುತ್ತಿಗೆ ಕೂಡಲಿಲ್ಲ, ಚಿಕ್ಕದು ಮಾಡಿದೆ, ಸುಕ್ಕು ತೆಗೆದೆ, ತೆಗೆದರೆ ಯಾರೋ ಧಾರಾವಾಹಿಯವಳು, ತಲೆ ಕೆಟ್ಟು ಲ್ಯಾಪ್‌ಟಾಪ್ ಎತ್ತಿಕೊಂಡು ಅಡುಗೆಮನೆಗೆ ಹೋದೆ, ಅಮ್ಮ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದವಳು ಬಗ್ಗಿ ನೋಡಿ, ಯಾರವ್ವ ಇವ್ಳು ಅಂದಳು, ನೀನೇ ಅಂದರೆ ನಕ್ಕುಬಿಟ್ಟಳು, ರೇಗಿಹೋಯಿತು, ಎಲ್ಲರಿಗೂ ಸೀರೆ ಕೊಟ್ಟೆಯಲ್ಲ, ನೀನೊಂದು ತೆಗೆಸಿಕೊಳ್ಳೋಕೆ ಏನಾಗಿತ್ತು, ಸ್ಟುಡಿಯೋ ಬಾಗಿಲಾದರೂ ಕಂಡಿದ್ದೀಯಾ — ನಾಕು ಸಲಾನೂ ಹೋಗಿದ್ದೆ ಕಣಮ್ಮ, ಆ ಸೀರೆ ಜಾರ್ತಿತ್ತು, ನೆರಿಗೆ ನಿಲ್ತಿರ್ಲಿಲ್ಲ, ಕೆಳಗೆ ಕುಂತು ಹಿಡ್ಕಂಡಿದ್ದೆ.

ಹಿಡಿದುಕೊಂಡಿದ್ದಳಂತೆ, ಕೆಳಗೆ ಕೂತು, ಕೆಳಗೆ ಅಂದರೆ ಫೋಟೋದ ಆ ಅಂಚು, ಏನೋ ಕಲೆ, ಏನೋ ಕೊಳೆ ಅಂದುಕೊಂಡು ನಾಲ್ಕರಲ್ಲೂ ನಾನೇ ಕತ್ತರಿಸಿ ಎಸೆದದ್ದು, ಅಯ್ಯೋ ನನ್ನ ಕೈಗಿಷ್ಟು ಬೆಂಕಿ ಹಾಕ, ಕತ್ತರಿಸದ ಮೂಲ ಫೋಟೋ ಎಲ್ಲಿಟ್ಟೆ, ಇದೆ, ಇಲ್ಲೇ ಇದೆ, ರಾಧಾಮಣಿ ಅತ್ತೆಯ ಪಾದದ ಪಕ್ಕ, ದೊಡ್ಡದು ಮಾಡು, ಇನ್ನೂ ದೊಡ್ಡದು — ಬೆರಳು, ಮೂರು ಬೆರಳು, ಎರಡು ಗಾಜಿನ ಬಳೆ, ಸೀರೆಯ ಅಂಚನ್ನು ಕೆಳಕ್ಕೆ ಜಗ್ಗಿ ಹಿಡಿದದ್ದು, ದೊಡ್ಡತ್ತೆಯದರಲ್ಲಿ, ಬೆರಳು, ಮೂರನೆಯದರಲ್ಲೂ ಬೆರಳು, ಬಳೆ ಒಂದೇ ಉಳಿದಿದೆ, ನಾಲ್ಕನೆಯದರಲ್ಲಿ ಬಳೆಯಿಲ್ಲ, ಬೆರಳು, ಬರೀ ಬೆರಳು