ಎರಡನೆಯ ಕ್ಲೌಡ್

ಬೆನ್ನ ಹಿಂದೆ ಬಾಗಿಲು ಮುಚ್ಚಿಕೊಂಡಾಗ ಶಾಂಭವಿ ತಿರುಗಿಯೂ ನೋಡಲಿಲ್ಲ. ಹೊರಡಲೆಂದು ಗುಂಡಿ ಒತ್ತಿದಾಗ ಕೆಂಪು ದೀಪ ಹೊತ್ತಿತು. ಬಾಗಿಲು ಜಗ್ಗಲಿಲ್ಲ, ಬಗ್ಗಲಿಲ್ಲ. ಒಳಗಿನ ತುರ್ತು ಹಿಡಿಕೆಯೋ, ಎಳೆದೊಡನೆ ಕಿತ್ತು ಕೈಗೇ ಬಂತು.

ತಿಕೋಟಾದ ಆ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜಿನ ಬಾಗಿಲುಗಳು ಕ್ಲೌಡ್‌ನಿಂದ, ಅಂದರೆ ದೂರದಲ್ಲೆಲ್ಲೋ ಬಾಡಿಗೆಗೆ ಹಿಡಿದ ಕಂಪ್ಯೂಟರುಗಳಿಂದ, ಅಪ್ಪಣೆಯಾದರೆ ಮಾತ್ರ ತೆರೆಯುತ್ತಿದ್ದವು. ಒಂದೇ ಕಂಪನಿಯನ್ನು ನೆಚ್ಚಬಾರದು, ಎರಡು ಕ್ಲೌಡ್ ಇರಲಿ ಎಂದು ಸಾಹುಕಾರರನ್ನು ಒಪ್ಪಿಸಿದವಳು ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆ ಶಾಂಭವಿಯೇ.

ವಿಜಯಪುರದ ಕಚೇರಿಯಿಂದ ಸಹಾಯಕ ಅಕೀಬ ಫೋನಿನಲ್ಲಿ ಬಡಬಡಿಸಿದ: "ಅಕ್ಕಾರ, ಮೊದಲನೇದು ಡಬ್ಬ ಬಿದ್ದೈತ್ರಿ. ಎರಡನೇದು ಗುಂಡಕಲ್ಲಿನಂಗ ಐತಿ, ಆದ್ರ ನನ್ನ ಒಳಗ ಬಿಡವಲ್ದು. ಇಂವ ಯಾರು ಅಂತ ಆ ಬಿದ್ದದ್ದನ್ನಽ ಕೇಳಾಕತ್ತೈತಿ!"

ಎರಡಕ್ಕೂ ಮೊದಲನೆಯದರ ಲಾಗಿನ್ ಒಂದೇ ಸಾಕೆಂದವಳೂ ಅವಳೇ.

"ಸಾಹುಕಾರ್ರ ತಿಜೋರ್ಯಾಗ ಲಕೋಟಿ ಐತಿ. ತುರ್ತು ಪಾಸ್‌ವರ್ಡ್. ಲಗೂನ ತಗಸು."

ಫೋನು ಸಂಗನಬಸವ ಸಾಹುಕಾರರ ಕೈಗೆ ಹೋಯಿತು.

"ಕೊಡಾಂಗಿಲ್ಲವಾ. ಈಗಿನ ಕಳ್ಳರು ಬ್ಯಾರೆಯವರ ದನೀನೂ ತಗೀತಾರ, ಫೋನಿನ್ಯಾಗ ಕೇಳಿದ್ರ ಕೊಡಬ್ಯಾಡ್ರಿ ಅಂತ ನಾಕ ಮಂದಿ ಮುಂದ ನನಗ ಬೈದಾಕಿ ನಮ್ಮ ಶಾಂಭವಿ."

"ಸಾಹುಕಾರ್ರ, ಹಲ್ಲು ಕಟಕಟ ಅನ್ನಾಕತ್ತಾವ್ರಿ!"

"ಕಳ್ಳಿಗೂ ಹಲ್ಲು ಇರ್ತಾವು. ನೀ ಶಾಂಭವಿನಽ ಆಗಿದ್ರ, ಕಳ್ಳರಿಗೆ ಗೊತ್ತಿರದ ಮಾತು ಒಂದು ಹೇಳು."

ಹೊರಗೆ ಕಾವಲುಗಾರ ಅಮೀನಸಾಬ ಹಾರೆಯಿಂದ ಬಡಿಯುತ್ತಿದ್ದ. ಗೇಣುದಪ್ಪದ ಬಾಗಿಲಿಗೆ ಅದು ನೊಣ ಕೂತಂತೆ. ಬೆರಳುಗಳು ಮರಗಟ್ಟುತ್ತಿದ್ದವು. ಹುಟ್ಟಿದ ದಿನ, ಮನೆ, ಪಗಾರ, ಎಲ್ಲವೂ ಆ ಕ್ಲೌಡ್‌ಗಳಲ್ಲೇ ಇದ್ದವು. ಯಾವ ಕಂಪ್ಯೂಟರೂ ಅರಿಯದ ಸಂಗತಿ ಒಂದೇ. ಹೇಳಿದರೆ ನೌಕರಿ ಹೋದೀತು, ಹೇಳದಿದ್ದರೆ ಜೀವ.

"ಹೋದ ತಿಂಗಳು ಒಂದು ಕ್ಲೌಡ್ ಬಂದ್ ಮಾಡಿ ಇನ್ನೊಂದನ್ನ ಪರೀಕ್ಷಾ ಮಾಡೇನಿ ಅಂತ ಸಹಿ ಹಾಕಿದ್ನೆಲ್ರಿ... ಅದು ಸುಳ್ಳರಿ. ಆವತ್ತು ನಾ ಜೈನಾಪುರಕ್ಕ ಮದಿವಿಗೆ ಹೋಗಿದ್ದೆ."



"ಗೊತ್ತೈತವಾ," ಎಂದರು ಸಾಹುಕಾರರು. "ನಿನ್ನ ಹಿಂದಿನ ಪಂಕ್ತ್ಯಾಗ ನಾನೂ ಊಟಕ್ಕ ಕುಂತಿದ್ದೆ. ನೀನಽ ಬಂದು ಹೇಳ್ತಿ ಅಂತ ಕಾಯಾಕತ್ತಿದ್ದೆ."

ತಿಜೋರಿಯ ಕದ ಕಿರುಗುಟ್ಟಿತು. ಅಕೀಬ ಒಂದೊಂದೇ ಅಕ್ಷರ ಓದಿ ಒತ್ತಿದ. ಅಗುಳಿ ಸರಿಯಿತು, ಮಧ್ಯಾಹ್ನದ ಬಿಸಿಲು ಹೊಸ್ತಿಲವರೆಗೆ ಬಂತು. ಅಮೀನಸಾಬ ಕಂಬಳಿ ಚಾಚಿದ: "ಬರ್ರೀ ಅಕ್ಕಾರ, ಹೊರಗ ಬರ್ರಿ!"

ಫೋನು ಇನ್ನೂ ಮಾತಾಡುತ್ತಿತ್ತು. "ಮೊದಲ ಚಾ ಕುಡಿ. ಮೈ ಬಿಸಿ ಆದ ಮ್ಯಾಲ ನೆಟ್ಟಗ ನನ್ನ ಕಡೆ ಬಾ. ಆ ಸಹಿ ಹಾಕಿದ ಕಾಗದಾನೂ ತಗೊಂಡು ಬಾ."

ಬಾಗಿಲು ತೆರೆದೇ ಇತ್ತು. ಶಾಂಭವಿಯ ಕಾಲು ಏಳಲಿಲ್ಲ.