ಅರ್ಧ ಏರಿ ಜಾರಿದ ಗೆರೆ

ಅಕ್ಕನ ತೋಳಿನಲ್ಲಿ ನರ ಸಿಗಲಿಲ್ಲ. ಪಟ್ಟಿ ಬಿಗಿದು, ತಟ್ಟಿ, ಸೂಜಿಯನ್ನು ಒಳಗೇ ಆಚೀಚೆ ಸರಿಸಿದ ಮೇಲೆ ರಕ್ತ ತೊಟ್ಟು ತೊಟ್ಟಾಗಿ ಬಂತು. ಹಾಗೆ ಬಂದ ರಕ್ತವನ್ನು ಚೆಲ್ಲಿ ಇನ್ನೊಂದು ತೋಳಿನಿಂದ ತೆಗೆಯಬೇಕು, ಅದು ನಮ್ಮ ಲ್ಯಾಬಿನ ನಿಯಮ. ಆದರೆ ಅವಳ ಎರಡೂ ಮೊಣಕೈ ಸುತ್ತ ಹಳೆಯ ಚುಚ್ಚುಗಳ ನೀಲಿ ಕಲೆಗಳಿದ್ದವು. ಮತ್ತೆ ಚುಚ್ಚಲು ಮನಸ್ಸು ಬರಲಿಲ್ಲ. ಟ್ಯೂಬು ತುಂಬಿಸಿಕೊಂಡೆ.

"ತಲೆನೋವಿನ ಮಾತ್ರೆ ಏನೂ ತಗೊಂಡಿಲ್ಲ ತಾನೆ? ತಗೊಂಡಿದ್ರೆ ಪರೀಕ್ಷೆ ತಪ್ಪು ತೋರಿಸತ್ತೆ."

"ಎಷ್ಟು ಸಲ ಕೇಳ್ತೀಯೆ? ಇಲ್ಲ ಅಂದ್ನಲ್ಲ. ನೀನು ಪರೀಕ್ಷೆ ಮಾಡೋದು ನನ್ನ ರಕ್ತಾನಾ, ನನ್ನ ಮಾತನ್ನಾ?"

ಮರುದಿನ ಅವಳಿಗೆ ಗರ್ಭಕೋಶದ ಆಪರೇಷನ್. ಈಗಾಗಲೇ ಎರಡು ಸಲ ಮುಂದಕ್ಕೆ ಹೋಗಿತ್ತು. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಎಣಿಕೆ ಸರಿಯಾಗಿಯೇ ಇತ್ತು. ಆದರೂ ತಿಂಗಳು ತಿಂಗಳು ನಿಲ್ಲದ ಸ್ರಾವ, ಎಲ್ಲೂ ತಾಗದೆ ಮೂಡುವ ಕಲೆಗಳು. ಇರುವ ಪ್ಲೇಟ್‌ಲೆಟ್‌ಗಳು ಕೆಲಸ ಮಾಡುತ್ತವೆಯೇ ನೋಡಿ ಎಂದು ಡಾಕ್ಟರು ಬರೆದು ಕಳಿಸಿದ್ದರು. ಫಲಿತಾಂಶ ಚೆನ್ನಾಗಿದ್ದರೆ ಆಪರೇಷನ್, ಇಲ್ಲದಿದ್ದರೆ ಮತ್ತೆ ಮುಂದಕ್ಕೆ. ಗಂಡನ ಮನೆಯಲ್ಲಿ ಎಲ್ಲ ನಾಟಕವೆಂದು ಅವಳ ಸುಸ್ತಿಗೆ 'ರಾಣಿಯಮ್ಮನ ಕಾಯಿಲೆ' ಎಂದು ಹೆಸರಿಟ್ಟಿದ್ದರು.

ಪ್ಲೇಟ್‌ಲೆಟ್‌ಗಳದ್ದು ಮುಟ್ಟಿದರೆ ಮುನಿಯ ಸ್ವಭಾವ. ಟ್ಯೂಬು ಕುಲುಕಿದರೂ, ಫ್ರಿಜ್ಜಿನಲ್ಲಿಟ್ಟರೂ, ಸೂಜಿ ಎಳೆದಾಡಿದರೂ ಎಲ್ಲೋ ಗಾಯವಾಯಿತೆಂದು ಎಚ್ಚೆತ್ತುಬಿಡುತ್ತವೆ. ಹಾಗೆ ಸುಮ್ಮನೆ ಎದ್ದು ದಣಿದರೆ ನಿಜವಾಗಿ ಕರೆದಾಗ ಓಗೊಡುವುದಿಲ್ಲ. ದಿನವಿಡೀ ದುಡಿದು ಸಂಜೆ ಕಾಲೇಜಿನಲ್ಲಿ ತೂಕಡಿಸುತ್ತ ಕಲಿತದ್ದರಲ್ಲಿ ಈ ಪಾಠ ಮಾತ್ರ ಚೆನ್ನಾಗಿ ನೆನಪಿದೆ. ಇವೂ ನನ್ನ ಹಾಗೇ ಇವೆಯಲ್ಲ ಎನ್ನಿಸಿತ್ತು.

ಹೋಲಿಸಿ ನೋಡಲು ಆರೋಗ್ಯವಂತರೊಬ್ಬರ ರಕ್ತವೂ ಬೇಕು. ಅದನ್ನು ಕೊಡುವವರು ಲ್ಯಾಬಿನ ಹಿರಿಯರು. ನಾವೆಲ್ಲ ಅವರನ್ನು ಮಾಸ್ತರು ಎನ್ನುತ್ತೇವೆ.

"ನಾನು ಗಟ್ಟಿಮುಟ್ಟಾಗಿದ್ದೀನಿ ಅಂತ ಒಂದಿನ ಬಾಯಿ ತಪ್ಪಿ ಅಂದೆ. ಅವತ್ತಿಂದ ಹೀರ್ತಾನೇ ಇದ್ದೀರ" ಎಂದು ತೋಳು ಚಾಚಿದರು.

ಎರಡೂ ಟ್ಯೂಬುಗಳನ್ನು ಗಿರಗಿಟ್ಟುವ ಯಂತ್ರದಲ್ಲಿ ನಿಧಾನಕ್ಕೆ ತಿರುಗಿಸಿ, ಮೇಲೆ ನಿಂತ ಹಳದಿ ದ್ರವವನ್ನು ತೆಗೆದು, ತಣಿಯಲು ಬಿಡದೆ ಪರೀಕ್ಷೆಯ ಯಂತ್ರದಲ್ಲಿಟ್ಟೆ. ಎರಡಕ್ಕೂ ಎಡಿಪಿ ಹನಿಸಿದೆ. ಗಾಯವಾದಾಗ ಮೈಯೊಳಗೆ 'ಬನ್ನಿ, ಬನ್ನಿ' ಎಂದು ಕೂಗುವ ರಾಸಾಯನಿಕ ಅದು. ಪ್ಲೇಟ್‌ಲೆಟ್‌ಗಳು ಓಗೊಟ್ಟು ಒಂದಕ್ಕೊಂದು ಅಂಟಿಕೊಂಡರೆ ಮಬ್ಬು ದ್ರವ ತಿಳಿಯಾಗುತ್ತದೆ, ಬೆಳಕು ದಾಟುತ್ತದೆ, ಪರದೆಯ ಗೆರೆ ಏರುತ್ತದೆ. ಮಾಸ್ತರ ಗೆರೆ ಸರಸರ ಏರಿ ಮೇಲೇ ನಿಂತಿತು. ಅಕ್ಕನದು ಅರ್ಧ ಏರಿ, ಮೆಟ್ಟಿಲ ನಡುವೆ ಉಸಿರು ಕಟ್ಟಿದವರಂತೆ ನಿಂತು, ಹಿಂದಕ್ಕೆ ಜಾರಿತು.

"ನನ್ನ ಕೈಯಿಂದಲೇ ಆಗಿದ್ದು ಮಾಸ್ತರೇ. ರಕ್ತ ಸರಾಗವಾಗಿ ಬರಲಿಲ್ಲ."

"ಹಾಗಿದ್ರೆ ಅದನ್ನ ಚೆಲ್ಲಬೇಕಿತ್ತಲ್ಲ?"

"ಅಕ್ಕ ಅಲ್ವಾ..."

"ಸೂಜಿಗೆ ಅಕ್ಕ ಯಾರು, ತಂಗಿ ಯಾರಮ್ಮ? ಹೋಗು, ಕರ್ಕೊಂಡು ಬಾ. ನಾನು ತೆಗೀತೀನಿ."

ಹೊರಗೆ ಬೆಂಚಿನ ಮೇಲೆ ಅಕ್ಕ ಗೋಡೆಗೆ ತಲೆಯಾನಿಸಿ ಕುಳಿತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಇನ್ನೊಂದು ತೋಳಿನ ಬಟ್ಟೆ ಮೇಲಕ್ಕೆ ಸರಿಸಿದಳು.

"ನಿನ್ನ ಮುಖ ನೋಡಿದ್ರೇ ಗೊತ್ತಾಗತ್ತೆ. ಚಿಕ್ಕವಳಿದ್ದಾಗ ಹಾಲು ಚೆಲ್ಲಿ ಬಂದು ಹೀಗೇ ನಿಲ್ತಿದ್ದೆ."

ಮಾಸ್ತರ ಕೈಗೆ ನರ ಒಂದೇ ಸಲಕ್ಕೆ ಸಿಕ್ಕಿತು. ರಕ್ತ ಸರಾಗವಾಗಿ ಹರಿಯಿತು. ಚುಚ್ಚಿದ್ದಕ್ಕೇ ಎಚ್ಚೆತ್ತಿರಬಹುದೆಂದು ಮೊದಲು ಬಂದದ್ದನ್ನು ಬದಿಗಿಟ್ಟು ಎರಡನೇ ಟ್ಯೂಬನ್ನೇ ತೆಗೆದುಕೊಂಡರು. ಯಾವ ತಪ್ಪಾದರೂ ಅದರಲ್ಲಿ ನನ್ನದೂ ಪಾಲಿರಬಹುದು ಎಂದು ದಿನಾ ಹೆದರುವವಳು ನಾನು. ಆ ಹೊತ್ತು ಮಾತ್ರ ತಪ್ಪೆಲ್ಲ ನನ್ನದೇ ಆಗಿರಲಿ ಎಂದು ಬೇಡಿಕೊಂಡೆ.

ಗೆರೆ ಅರ್ಧ ಏರಿತು. ಜಾರಿತು. ಎಡಿಪಿಯ ಹಾಗೇ ಕೂಗಿ ಕರೆಯುವ ಕೊಲಾಜೆನ್ ಹಾಕಿ ನೋಡಿದೆವು, ಅದಕ್ಕೂ ಅರೆಮನಸ್ಸಿನ ಉತ್ತರ.

"ನಿನ್ನ ಕೈ ಅಲ್ಲಮ್ಮ" ಎಂದರು ಮಾಸ್ತರು, ಮೆಲ್ಲಗೆ. ಡಾಕ್ಟರಿಗೆ ಫೋನು ಮಾಡಲು ಎದ್ದರು.

ನಾನು ಮಾಸ್ತರದೂ ಅಕ್ಕನದೂ ಎರಡೂ ಗೆರೆಗಳಿದ್ದ ಹಾಳೆ ಹಿಡಿದು ಹೊರಗೆ ಬಂದೆ.

"ನಾಳೆ ಇಲ್ಲ ಅಲ್ವಾ?" ಎಂದಳು ಅಕ್ಕ.

"ಇಲ್ಲ. ಬೇರೆಯವರ ಪ್ಲೇಟ್‌ಲೆಟ್ ಸಿದ್ಧ ಇಟ್ಕೊಂಡು ಮಾಡ್ಬೇಕಾಗಬಹುದು. ಡಾಕ್ಟರು ಹೇಳ್ತಾರೆ. ಗೊತ್ತಾಗದೆ ಆಪರೇಷನ್ ಮಾಡಿಬಿಟ್ಟಿದ್ರೆ ರಕ್ತ ನಿಲ್ತಾನೇ ಇರ್ಲಿಲ್ಲ."

ಅವಳು ಜಾರಿದ ಗೆರೆಯ ಮೇಲೆ ಬೆರಳಾಡಿಸಿದಳು. "ಇದು ಹುಟ್ಟಿನಿಂದಾನೇ ಹೀಗಾ?"

"ಇರಬಹುದು. ಇನ್ನೂ ಪರೀಕ್ಷೆ ಆಗ್ಬೇಕು."

"ನಾಟಕ ಮಾಡಿದ್ರೆ ಗೆರೆ ಹೀಗೆ ಬರತ್ತಾ?"

"ಇಲ್ಲ ಅಕ್ಕ. ಬರಲ್ಲ."

ಅವಳು ಹಾಳೆ ನನ್ನ ಕೈಗೆ ಕೊಟ್ಟಳು. "ಹಾಗಾದ್ರೆ ರಾಣಿಯಮ್ಮ ಇವತ್ತು ಮನೆಗೆ ಹೋಗಿ ಹಾಡುಹಗಲೇ ಮಲಗ್ತಾಳೆ. ಯಾರು ಏಳಿಸ್ತಾರೋ ನೋಡ್ತೀನಿ."

ಅವಳ ತೋಳಿನ ಹತ್ತಿ ಇನ್ನೂ ಕೆಂಪಾಗುತ್ತಲೇ ಇತ್ತು. ಪಕ್ಕದಲ್ಲಿ ಕುಳಿತು ಹೊಸ ಹತ್ತಿಯಿಟ್ಟು ಹೆಬ್ಬೆರಳಿನಿಂದ ಒತ್ತಿ ಹಿಡಿದೆ. ಸ್ವಲ್ಪ ಹೊತ್ತಿಗೆ ಅವಳ ತಲೆ ನನ್ನ ಹೆಗಲಿಗೆ ವಾಲಿತು. ಒಳಗಿಂದ ಮಾಸ್ತರು ಯಾವುದೋ ಟ್ಯೂಬು ಕೇಳಿ ಕೂಗಿದರು. "ಬಂದೆ" ಎಂದೆ, ಬೆರಳು ಮಾತ್ರ ತೆಗೆಯಲಿಲ್ಲ.