ಸಡಿಲ ಪಟ್ಟಿ

"ಬ್ಯಾಡ್ರಿ ಅಂದ್ರ ಬ್ಯಾಡ. ನಿಮ್ಮ ಕೈಲೆ ಕಾಲು ಹಿಡಿಸಿಕೊಂಡ ಪಾಪಾನ ಎಲ್ಲಿ ಹೋಗಿ ತೊಳಕೊಳ್ಳಿ ನಾ?" ಎಂದು ಕೆಂಚವ್ವ ಸೀರೆಯ ಅಂಚನ್ನು ಪಾದದ ತನಕ ಜಗ್ಗಿಕೊಂಡಳು.

ದುರ್ಗಪ್ಪ ಮಂಚದ ಬದಿಗೆ ನೆಲದ ಮೇಲೆ ಕೂತಿದ್ದ. ಕೈಯಲ್ಲಿ ನೀಲಿ ಅಂಟುಪಟ್ಟಿಯ ಸುರುಳಿ, ತೊಡೆಯ ಮೇಲೆ ಕತ್ತರಿ. ಹೆಂಡತಿಯ ಎಡ ಮೊಣಕಾಲಿನ ಕೀಲು ಬದಲಿಸಿ ಅಂದಿಗೆ ಹದಿನೆಂಟು ದಿನ. ಪಟ್ಟಿ ಹಚ್ಚಬೇಕಾಗಿದ್ದವಳು ಮಗಳು ಶಿವಾನಿ. ಆದರೆ ಕೂಸಿಗೆ ಜ್ವರವೆಂದು ಫೋನು ಬಂದು, ಅವಳು ಹಿಂದಿನ ಸಂಜೆಯೇ ಬೈಲಹೊಂಗಲದ ಬಸ್ಸು ಹತ್ತಿದ್ದಳು.

"ಪಾಪ ಬಂದ್ರ ನನಗ ಬರ್ಲಿ. ನೀ ಸೀರಿ ಸರಿಸು."

"ಬಾಗಿಲರ ಮುಂದ ಮಾಡಿ ಬರ್ರಿ."

ಬಾಗಿಲು ಮುಂದೆ ಮಾಡಿ ಬಂದು ನೋಡಿದರೆ, ಕೆಂಚವ್ವ ಗೋಡೆಯ ಕಡೆ ಮುಖ ತಿರುಗಿಸಿ ಕಾಲನ್ನು ಬೇರೆ ಯಾರದೋ ಎಂಬಂತೆ ಬಿಟ್ಟುಕೊಟ್ಟಿದ್ದಳು. ಬೆಳಕಿಂಡಿಯ ಬಿಸಿಲು ಅದರ ಮೇಲೆ ಬಿದ್ದಿತ್ತು. ನಲವತ್ತು ವರ್ಷದ ಸಂಸಾರದಲ್ಲಿ ಹೆಂಡತಿಯ ಕಾಲನ್ನು ದುರ್ಗಪ್ಪ ಹೀಗೆ ಬೆಳಕಿನಲ್ಲಿ ನೋಡಿದ್ದೇ ಇಲ್ಲ. ಮೊಣಕಾಲು ಉಬ್ಬಿ, ಚಿಪ್ಪು ಎಲ್ಲಿದೆಯೆಂದೇ ತಿಳಿಯದಂತಾಗಿತ್ತು. ಚರ್ಮ ಬಿಗಿದು ಹೊಳೆಯುತ್ತಿತ್ತು. ರಕ್ತ ತೆಳ್ಳಗಾಗುವ ಗುಳಿಗೆಯಿಂದಲೋ ಏನೋ, ತೊಡೆಯ ಒಳಬದಿಯಿಂದ ಮೀನಖಂಡದವರೆಗೆ ಕಪ್ಪು ಇಳಿದಿತ್ತು. ಅಂಚಿಗೆ ನೇರಳೆ, ಅದರಾಚೆ ಹಸಿರು. ನಡುವೆ ಗೇಣುದ್ದದ ಹೊಲಿಗೆಯ ಗೆರೆ.

ಬೆಳಗಾವಿಯಲ್ಲಿ ಆಪರೇಷನ್ ಮಾಡಿದ ಡಾಕ್ಟರು ಮನೆಗೆ ಕಳಿಸುವಾಗ ಒಂದು ಮಾತು ಹೇಳಿದ್ದರು. ಆರು ವಾರದೊಳಗೆ ಮೊಣಕಾಲು ತೊಂಬತ್ತು ಡಿಗ್ರಿ ಬಗ್ಗಬೇಕು. ಬಗ್ಗದಿದ್ದರೆ ಮತ್ತೆ ಆಸ್ಪತ್ರೆಗೆ ಸೇರಿಸಿ, ಪ್ರಜ್ಞೆ ತಪ್ಪಿಸಿ, ಅವರೇ ಹಿಡಿದು ಬಗ್ಗಿಸಬೇಕಾಗುತ್ತದೆ. ಕೆಂಚವ್ವ ಮನೆಗೆ ಬಂದು ಒಂದೇ ಸಲ ಅಂದಿದ್ದಳು: "ಮತ್ತ ಮಲಗಿಸಿದ್ರ ನಾ ಏಳಂಗಿಲ್ಲ ನೋಡ್ರಿ." ಹಾಗೆನ್ನುವಾಗ ಅವಳು ಅತ್ತಿರಲಿಲ್ಲ. ಅದಕ್ಕೇ ದುರ್ಗಪ್ಪನಿಗೆ ಹೆದರಿಕೆ.

ಬಾವು ಇಳಿಯದೆ ಮೊಣಕಾಲು ಬಗ್ಗುವುದಿಲ್ಲ ಎಂದು ಹೇಳಿ ಈ ಸುರುಳಿ ತಂದುಕೊಟ್ಟವಳು ಸಂಘಮಿತ್ರಾ. ನೇಸರಗಿಯ ಹುಡುಗಿ, ಫಿಸಿಯೋಥೆರಪಿ ಕಲಿತು ರಾಮದುರ್ಗದ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಕೋಣೆ ಹಿಡಿದಿದ್ದಳು. ವಾರಕ್ಕೆರಡು ಸಲ ಸ್ಕೂಟಿಯಲ್ಲಿ ಮನೆಗೇ ಬಂದು ಕಾಲು ಬಗ್ಗಿಸಿ ಹೋಗುತ್ತಿದ್ದಳು. ಹೊಲಿಗೆ ಬಿಚ್ಚಿದ ಜಾಗ ಇನ್ನೆರಡು ದಿನ ಒಣಗಲಿ, ತನಗೆ ಸವದತ್ತಿಯಲ್ಲಿ ಕ್ಯಾಂಪಿದೆ, ನೀವೇ ಹಚ್ಚಿರಿ ಎಂದು ತಂದೆ ಮಗಳಿಬ್ಬರನ್ನೂ ಕೂರಿಸಿಕೊಂಡು ಕಲಿಸಿದ್ದಳು.

"ಒಂದು ತುದಿ ಹಂಗಽ ಬಿಟ್ಟು, ಪಟ್ಟೀನ ಐದು ಬಾಲ ಮಾಡಿ ಸೀಳ್ರಿ ಕಾಕಾ. ಇಡೀ ತುದಿ ತೊಡಿಗೆ. ಬಾಲ ಐದೂ ಬಿಡಿಸಿ ಕೆಳಗ ಹಾಸ್ಕೋತ ಬರ್ರಿ. ಎಳೀಬ್ಯಾಡ್ರಿ, ಸುಮ್ನ ಇಟ್ಟಂಗ."

ದುರ್ಗಪ್ಪ ಗೋಣು ಹಾಕಿದ್ದ. ಅವನ ಕಿವಿ ಆ ಮಾತು ಕೇಳಿತ್ತು, ಕೈ ಕೇಳಿರಲಿಲ್ಲ.

ಆ ಕೈ ನಲವತ್ತು ವರ್ಷ ಕುಣಿಮಗ್ಗದಲ್ಲಿ ದುಡಿದ ಕೈ. ಹಾಸು ಒಂದು ಎಳೆ ಸಡಿಲಾದರೂ ಲಾಳಿ ಮುಗ್ಗರಿಸುತ್ತದೆ, ಅಂಚು ಅಲೆಯಾಗುತ್ತದೆ, ನೇಕಾರರ ಸೊಸೈಟಿಯವರು ಸೀರೆಯನ್ನು ಬಿಡಿಸಿ ನೋಡಿ ಮುಖದ ಮೇಲೆ ಒಗೆಯುತ್ತಾರೆ. ಬಿಗಿ ಇದ್ದದ್ದು ಒಳ್ಳೆಯದು ಎನ್ನುವುದನ್ನು ಅವನ ಬೆರಳುಗಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವನು ಮೊದಲು ಬಟ್ಟೆಯನ್ನು ಪರೀಕ್ಷಿಸಿದ. ಉದ್ದಕ್ಕೆ ಎಳೆದರೆ ಒಂದೂವರೆಯಷ್ಟು ಹಿಗ್ಗಿತು. ಅಗಲಕ್ಕೆ ಎಳೆದರೆ ಕೂದಲಷ್ಟೂ ಇಲ್ಲ. ಹಾಸಿನಲ್ಲಿ ರಬ್ಬರಿನ ಎಳೆ ಸೇರಿಸಿ ಹತ್ತಿಯ ಹೊಕ್ಕು ಹೊಡೆದಿದ್ದಾರೆ. ಹಿಂದಿನ ಕಾಗದ ಸುಲಿದು ನೋಡಿದ; ಅಂಟು ಬಳಿದಂತಿರಲಿಲ್ಲ. ಹೊಳೆ ಬತ್ತಿದ ಮೇಲೆ ಉಸುಕಿನಲ್ಲಿ ಉಳಿಯುವ ಅಲೆಗಳ ಹಾಗೆ, ಅಲೆ ಅಲೆಯಾಗಿ ನಿಂತಿತ್ತು.

"ಇದನ್ನ ನೇಯ್ದಾವ ನಮ್ಮಂಥಾವ ಅಲ್ಲ ಬಿಡು," ಎಂದ.

"ಬಟ್ಟಿ ನೋಡೂದು ಆಗಿದ್ರ ಕಾಲ ನೋಡ್ರಿ," ಎಂದಳು ಕೆಂಚವ್ವ ಗೋಡೆಗೆ.

ಒಂದೊಂದು ಬಾಲವನ್ನೂ ಜಗ್ಗಿ, ನೆಟ್ಟಗೆ ಮಾಡಿ, ತುದಿಯನ್ನು ಹೆಬ್ಬೆರಳಿನಿಂದ ಒತ್ತಿದ. ಕಪ್ಪಿನ ಮೇಲೆ ಐದು ನೀಲಿ ಗೆರೆ. ದಾರ ಹಿಡಿದು ಎಳೆದಂತೆ ಒಂದೂ ಡೊಂಕಿಲ್ಲ. ಕೆಂಚವ್ವನ ಕಾಲ್ಬೆರಳು ಮುದುಡಿಕೊಂಡವು. ನಾಚಿಕೆ ಇರಬೇಕು ಅಂದುಕೊಂಡ.

"ಹೆಂಗೈತಿ?"

"ಚಲೋ ಐತ್ರಿ."

ಮೂರು ದಿನವೂ ಕೇಳಿದಾಗೊಮ್ಮೆ ಅದನ್ನೇ ಅಂದಳು. ನಾಲ್ಕನೆಯ ದಿನ ಸಂಘಮಿತ್ರಾ ಬಂದಳು. ಎರಡು ಕಡ್ಡಿ ಸೇರಿಸಿದಂಥ ಪ್ಲಾಸ್ಟಿಕ್ಕಿನ ಮಾಪನ್ನು ಮೊಣಕಾಲಿನ ಪಕ್ಕಕ್ಕಿಟ್ಟು ಬಗ್ಗಿಸಿ ನೋಡಿದಳು. ಹೋದ ಸಲ ಅರವತ್ನಾಲ್ಕು ಇದ್ದದ್ದು ಐವತ್ತೆಂಟಕ್ಕೆ ಬಂದಿತ್ತು. ಅವಳು ಕೊಬ್ಬರಿ ಎಣ್ಣೆ ಹಚ್ಚಿ ಪಟ್ಟಿಯ ತುದಿ ಎಬ್ಬಿಸಿದಳು. ಅಡಿಯಲ್ಲಿ ಸಾಬೂದಾಣಿ ಕಾಳಿನಂಥ ನೀರುಗುಳ್ಳೆಗಳು ಸಾಲಾಗಿ ಎದ್ದಿದ್ದವು. ಐದು ತುದಿಗೂ ಐದು ಸಾಲು.

"ಯಾರು ಹಚ್ಚಿದ್ರಿದನ್ನ?"

"ನಾನಽ ಹಚ್ಕೊಂಡೆ ಅಕ್ಕಾರ," ಎಂದಳು ಕೆಂಚವ್ವ ತಟ್ಟನೆ.

"ಬಗ್ಗಾಕ ಬರದಾಕಿ, ತೊಡಿ ಹಿಂದಿಂದೂ ನೀವಽ ಹಚ್ಕೊಂಡ್ರಿ? ಕೈ ಅಷ್ಟುದ್ದ ಅದಾವೇನ್ರಿ ಕಾಕು?"

ದುರ್ಗಪ್ಪ ಮುಂದೆ ಬಂದ. "ಸುಳ್ಳ ಹೇಳಾಕತ್ತಾಳ್ರಿ. ಹಚ್ಚಿದಾವ ನಾ."

"ಉರೀಲಿಲ್ಲೇನ್ರಿ ಕಾಕು?"

"ಉರೀತು."

"ಮತ್ತ ಹೇಳಬಾರದ?"

ಕೆಂಚವ್ವ ಹೊದಿಕೆಯ ದಾರ ಕೀಳುತ್ತಿದ್ದಳು. "ಅಷ್ಟು ನೆಟ್ಟಗ ಹಚ್ಚಿದ್ರು. ದಿನಾ ಮುಂಜಾನೆ ಬಂದು ನೋಡಿ ಖುಷಿ ಆಗ್ತಿದ್ರು. ಹೆಂಗ ಹೇಳ್ಲಿ?"

ದುರ್ಗಪ್ಪ ಎದ್ದು ಪಡಸಾಲೆಗೆ ಹೋದ. ಮಗ್ಗದ ಕುಣಿಯ ಅಂಚಿಗೆ ನಿಂತ. ಏನು ಮಾಡಬೇಕೆಂದು ತೋಚಲಿಲ್ಲ, ತಿರುಗಿ ಬಂದ. ಆರು ವಾರದಲ್ಲಿ ಮೂರು ಕಳೆದಿದ್ದವು.

"ಕಾಕಾ, ಇಲ್ಲೆ ಕುಂದರ್ರಿ. ಕೈ ಕೊಡ್ರಿ," ಎಂದಳು ಸಂಘಮಿತ್ರಾ. ಅವನ ಮುಂಗೈಯನ್ನು ಕೆಳಗೆ ಬಗ್ಗಿಸಿ ಹಿಡಿದು, ಪಟ್ಟಿಯ ಎರಡು ತುಂಡು ಪಕ್ಕಪಕ್ಕಕ್ಕೆ ಹಚ್ಚಿದಳು. ಒಂದನ್ನು ಅವನು ಹಚ್ಚಿದಂತೆ ಎಳೆದು, ಇನ್ನೊಂದನ್ನು ಎಳೆಯದೆ. "ಈಗ ಕೈ ನೆಟ್ಟಗ ಮಾಡ್ರಿ."

ಎಳೆದದ್ದು ಚಪ್ಪಟೆಯಾಗಿ ಚರ್ಮವನ್ನು ಕಚ್ಚಿ ಹಿಡಿದಿತ್ತು. ಎಳೆಯದೆ ಹಚ್ಚಿದ್ದು ಮೈತುಂಬ ಸಣ್ಣ ಸಣ್ಣ ನಿರಿಗೆಯಾಗಿ ಎದ್ದಿತು.

"ಸುಕ್ಕು ಬಿತ್ತಲ್ರಿ," ಎಂದ ದುರ್ಗಪ್ಪ. "ಹಿಂಗ ಸುಕ್ಕು ಬಿದ್ರ ನಮ್ಮ ಸೊಸೈಟ್ಯಾಗ ಮುಟ್ಟಂಗಿಲ್ಲ."

"ಇಲ್ಲೆ ಸುಕ್ಕಽ ಬೇಕ್ರಿ. ಸುಕ್ಕು ಬಿದ್ದಲ್ಲೆ ಚರ್ಮ ಒಂದೀಟು ಮ್ಯಾಲ ಏಳತೈತಿ. ಅದರ ಬುಡಕ ಬಾವಿನ ನೀರಿಗೆ ಹರಿಯಾಕ ದಾರಿ ಆಗತೈತಿ. ನೀವು ಜಗ್ಗಿ ಹಚ್ಚಿದ್ರ ಆ ದಾರಿನಽ ಒತ್ತಿಬಿಡತೈತಿ."

"ಕಣ್ಣಿಗೆ ಕಾಣೂ ದಾರಿಯೇನ್ರಿ?"

"ಇಲ್ಲ. ನಿಮ್ಮ ಎಳಿಕ್ಕಿಂತ ಸಣ್ಣವು. ಮೈ ತುಂಬ ಅದಾವ, ಬಲಿ ಹೆಣದಂಗ. ನಿಮ್ಮ ಮೈಯಾಗೂ ಅದಾವ."

ದುರ್ಗಪ್ಪ ತನ್ನ ಮುಂಗೈಯನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದ. ನರ ಕಂಡವು, ಮಗ್ಗದ ಗಾಯದ ಕಲೆ ಕಂಡಿತು, ಬೇರೇನೂ ಕಾಣಲಿಲ್ಲ. ಆದರೆ ಕೈ ತನ್ನದೇ ಎಂದು ನಂಬಲು ಒಂದು ಕ್ಷಣ ಕಷ್ಟವಾಯಿತು.

"ಇದೊಂದ್ರಿಂದಽ ಎಲ್ಲಾ ಆಗತೈತಿ ಅನ್ಕೋಬ್ಯಾಡ್ರಿ ಮತ್ತ," ಎಂದಳು ಸಂಘಮಿತ್ರಾ ಚೀಲ ಮುಚ್ಚುತ್ತ. "ಕಾಲ ದಿಂಬಿನ ಮ್ಯಾಲ ಎತ್ತಿ ಇಡಬೇಕು, ಬರ್ಫ ಇಡಬೇಕು, ನೋವು ಆದ್ರೂ ಬಗ್ಗಿಸಬೇಕು. ಗುಳ್ಳಿ ಒಣಗೂ ತನಕ ಪಟ್ಟಿ ಬ್ಯಾಡ. ಸೋಮವಾರ ಬರತೇನಿ. ಆವತ್ತೂ ಹಚ್ಚಾವ್ರು ನೀವಽ. ನಾ ನೋಡ್ಕೋತ ಕುಂದರತೇನಿ."

ಸೋಮವಾರ ಅವಳು ಬಂದು ನಿಜವಾಗಿಯೂ ಕೈ ಕಟ್ಟಿ ಕೂತಳು. ಕೆಂಚವ್ವ ಕಾಲನ್ನು ಆದಷ್ಟು ಮಡಚಿ ಕೊಟ್ಟಳು; ಗುಳ್ಳೆ ಎದ್ದಿದ್ದ ಜಾಗ ಬಿಟ್ಟು ಹಚ್ಚಬೇಕಿತ್ತು. ಮೊದಲ ಬಾಲಕ್ಕೇ ದುರ್ಗಪ್ಪನ ಬೆರಳು ತಮ್ಮ ಪಾಡಿಗೆ ತಾವು ಜಗ್ಗಿದವು.

"ಜಗ್ಗಿದ್ರಿ ಕಾಕಾ."

ಕತ್ತರಿಸಿ ಬಿಸಾಕಿ ಬೇರೆ ತುಂಡು ಸೀಳಿದ. ಎರಡನೆಯ ಸಲ ಪಟ್ಟಿಯನ್ನು ಹಿಡಿಯಲೇ ಇಲ್ಲ. ಹಿಂದಿನ ಕಾಗದವನ್ನು ಅಕ್ಕಿಕಾಳಿನಷ್ಟು ಅಕ್ಕಿಕಾಳಿನಷ್ಟೇ ಸುಲಿಯುತ್ತ, ಬಟ್ಟೆ ತಾನಾಗಿ ಚರ್ಮದ ಮೇಲೆ ಬೀಳಲು ಬಿಟ್ಟ. ಹಚ್ಚುವುದಕ್ಕಿಂತ ಬಿಡುವುದೇ ಕಷ್ಟವಾಗಿತ್ತು. ಹಣೆಯ ಬೆವರು ಮೂಗಿನ ತುದಿಗಿಳಿಯಿತು.

"ಸೀರಿ ನೇಯೂವಾಗ ಬರಲಾರದ ಬೆವರು ಈಗ ಬಂತ ನೋಡ್ರಿ ಅಕ್ಕಾರ," ಎಂದಳು ಕೆಂಚವ್ವ. ಈ ಸಲ ಅವಳ ಮುಖ ಗೋಡೆಯ ಕಡೆಗಿರಲಿಲ್ಲ. "ನಲವತ್ತು ವರ್ಷ ಆತು. ಹಿಂಗ ಹಗುರಕ ಮುಟ್ಟಾಕ ಬರತೈತಿ ಅಂತ ಈಗ ಗೊತ್ತಾತು."

ಸಂಘಮಿತ್ರಾ ಬಾಯಿಗೆ ಓಢಣಿ ಒತ್ತಿಕೊಂಡು ಕಿಟಕಿಯ ಕಡೆ ತಿರುಗಿದಳು.

"ಸುಮ್ನಿರು," ಎಂದ ದುರ್ಗಪ್ಪ. "ಕೈ ನಡುಗತೈತಿ."

ಹಚ್ಚಿ ಮುಗಿದಾಗ ಐದು ಬಾಲಗಳೂ ಒಂದೊಂದು ದಿಕ್ಕಿಗೆ ಡೊಂಕಾಗಿದ್ದವು. ಕಾಲು ಚಾಚಿದೊಡನೆ ಸುಕ್ಕು ಎದ್ದವು. ಅವನ ಕಣ್ಣಿಗೆ ಅದು ಕೆಟ್ಟ ಕೆಲಸ. ಅದನ್ನು ಹಾಗೇ ಬಿಟ್ಟು ಎದ್ದು ಬರಲು ಅವನಿಗೆ ಬಹಳ ಹೊತ್ತು ಹಿಡಿಯಿತು.

ಶುಕ್ರವಾರ ಮುಂಜಾನೆ ಪಟ್ಟಿ ತೆಗೆಯಬೇಕಿತ್ತು. ಎಣ್ಣೆ ಹಚ್ಚಿ, ಚರ್ಮವನ್ನು ಒಂದು ಕೈಯಿಂದ ಒತ್ತಿ ಹಿಡಿದು, ಪಟ್ಟಿಯನ್ನು ಮಡಚುತ್ತ ಮಡಚುತ್ತ ಬಿಡಿಸಿದ. ಅಡಿಯಲ್ಲಿ ಗೋದಿಬಣ್ಣದ ಗೆರೆಯೊಂದು ಕಂಡಿತು. ಎಣ್ಣೆಯ ಹೊಳಪೆಂದುಕೊಂಡು ಅರಿವೆಯಿಂದ ಒರೆಸಿದ. ಗೆರೆ ಹೋಗಲಿಲ್ಲ. ಎರಡನೆಯ ಬಾಲ ಬಿಡಿಸಿದ. ಮೂರನೆಯದು. ಐದೂ ಬಿಡಿಸಿ ಹಿಂದಕ್ಕೆ ಸರಿದು ಕೂತ.

ಪಟ್ಟಿ ಇದ್ದಲ್ಲೆಲ್ಲ ಕಪ್ಪು ಹೋಗಿತ್ತು. ಪಟ್ಟಿ ಇಲ್ಲದಲ್ಲಿ ಹಾಗೇ ಇತ್ತು. ತೊಡೆಯಿಂದ ಹೊರಟು, ಮೊಣಕಾಲನ್ನು ಬಳಸಿ, ಮೀನಖಂಡದ ತನಕ ಐದು ಗೋದಿಬಣ್ಣದ ದಾರಿ. ಅವನು ಹಾಸಿದ ಡೊಂಕು ಡೊಂಕಾಗಿಯೇ, ಕೈ ನಡುಗಿದ ಜಾಗದಲ್ಲಿ ನಡುಗಿಯೇ, ಒಳಗಿನಿಂದ ಯಾರೋ ಬರೆದಂತೆ ಮೂಡಿದ್ದವು.

ಅರಿವೆಯನ್ನು ಕೆಳಗಿಟ್ಟ.

"ಏನಾತ್ರಿ? ಮತ್ತ ಗುಳ್ಳಿ ಎದ್ದಾವೇನು?"

ಗೋಡೆಯ ಕನ್ನಡಿ ಇಳಿಸಿ ತಂದು ಕಾಲಿನ ಬದಿಗೆ ಹಿಡಿದ. ಕೆಂಚವ್ವ ಮೊಣಕೈ ಊರಿ ಬಗ್ಗಿ ನೋಡಿದಳು. ಬೆರಳಿನಿಂದ ಒಂದು ದಾರಿಯ ಮೇಲೆ ಮೇಲಿನಿಂದ ಕೆಳಗೆ ಎಳೆದಳು.

"ಇದು ನನ್ನ ಬಣ್ಣಽ ಅಲ್ಲೇನ್ರಿ?" ಎಂದಳು ಮೆಲ್ಲಗೆ.

"ನಿಂದಽ."

ಕನ್ನಡಿ ಹಿಡಿದ ಕೈ ನೋಯುತ್ತಿತ್ತು. ಇಬ್ಬರೂ ನೋಡುತ್ತಲೇ ಇದ್ದರು. ತಾನು ಏನು ಮಾಡಿದೆನೆಂದು ದುರ್ಗಪ್ಪ ಯೋಚಿಸಿದ. ಎಳೆಯದೆ ಇದ್ದದ್ದು, ಅಷ್ಟೇ. ಉಳಿದದ್ದನ್ನು ಆ ಕಾಲು ತಾನೇ ಮಾಡಿಕೊಂಡಿತ್ತು, ಅವರಿಬ್ಬರೂ ಮಲಗಿದ್ದಾಗ, ಉಣ್ಣುತ್ತಿದ್ದಾಗ, ಒಬ್ಬರಿಗೊಬ್ಬರು ಬೈದುಕೊಳ್ಳುತ್ತಿದ್ದಾಗ.

ಮಧ್ಯಾಹ್ನ ಸಂಘಮಿತ್ರಾ ಬಂದಾಗ ಅವನು ಕೇಳಿದ: "ಆ ಕಪ್ಪು ಅಷ್ಟೂ ಎಲ್ಲಿಗೆ ಹೋತ್ರಿ ಅಕ್ಕಾರ?"

"ತೊಡಿ ಸಂದ್ಯಾಗ ಗಂಟು ಅದಾವ, ಅಲ್ಲಿಗೆ. ಅಲ್ಲಿಂದ ಎದಿ ತನಕ ಏರಿ ರಕ್ತ ಸೇರತೈತಿ. ಹೆಚ್ಚಾದ ನೀರು ಮೂತ್ರದಾಗ ಹೋಗತೈತಿ."

"ಅಯ್ಯ ಶಿವನ!" ಎಂದಳು ಕೆಂಚವ್ವ. "ಅದಕ್ಕಽ ನಾಕು ದಿನದಿಂದ ಕೋಲು ಹಿಡಕೊಂಡು ಬಚ್ಚಲಕ್ಕ ತಿರುಗಿ ತಿರುಗಿ ಸಾಕಾಗೇತಿ. ಇವರ ಪಟ್ಟಿ ಕೆಲಸ ಅದು!"

ಅಂದಿನ ಮಾಪು ಎಪ್ಪತ್ತೊಂದು. ಕಾಲು ಬಗ್ಗಿಸುವಾಗ ಕೆಂಚವ್ವ ಮಂಚದ ಅಂಚನ್ನು ಬಿಗಿಯಾಗಿ ಹಿಡಿದು ಶಿವನನ್ನೂ, ಡಾಕ್ಟರನ್ನೂ, ಗಂಡನನ್ನೂ ಒಂದೇ ಉಸಿರಿಗೆ ಬೈಯುತ್ತಿದ್ದಳು. ಮುಂದಿನ ವಾರ ಎಪ್ಪತ್ತೆಂಟಾಯಿತು. ಆಮೇಲೆ ಎಂಬತ್ಮೂರು. ಬೆಳಗಾವಿಗೆ ಹೋಗುವ ಎರಡು ದಿನ ಮೊದಲು ಎಂಬತ್ತಾರಕ್ಕೆ ಬಂದು ನಿಂತುಬಿಟ್ಟಿತು. ಸಂಘಮಿತ್ರಾ ಮಾಪನ್ನು ಮತ್ತೊಮ್ಮೆ ಇಟ್ಟು ನೋಡಿದಳು. ಎಂಬತ್ತಾರೇ.

"ನಾಕ ಡಿಗ್ರಿ," ಎಂದಳು. "ನಾಕ ಅಷ್ಟಽ ಕಾಕು."

ಹೊರಡುವ ದಿನ ಕೆಂಚವ್ವ, ಆಸ್ಪತ್ರೆಯಲ್ಲೇ ಉಳಿಯಬೇಕಾದೀತೆಂದು, ಒಂದು ಸೀರೆ ಹೆಚ್ಚಿಗೆ ಮಡಚಿ ಚೀಲಕ್ಕಿಟ್ಟಳು. ದುರ್ಗಪ್ಪ ನೋಡಿಯೂ ನೋಡದಂತಿದ್ದ.

ಆಪರೇಷನ್ ಮುಗಿಸಿ ಆಸ್ಪತ್ರೆಯಿಂದ ಬರುವಾಗ ಜೀಪಿನ ಹಿಂದಿನ ಸೀಟಿನ ಮೇಲೆ ಕಾಲನ್ನು ಉದ್ದಕ್ಕೆ ಚಾಚಿಕೊಂಡು ಬಂದಿದ್ದಳು. ಈಗ ಬಸ್ಸಿನಲ್ಲೇ ಹೋಗೋಣ ಎಂದು ಅವಳೇ ಹಟ ಹಿಡಿದಿದ್ದಳು. ದುರ್ಗಪ್ಪ ಕಿಟಕಿಗೆ ಕೂತ, ಅವಳು ಓಡಾಡುವ ದಾರಿಯ ಬದಿಗೆ. ಎಡಗಾಲು ದಾರಿಗೆ ಅಡ್ಡವಾಗಿ ಚಾಚಿತ್ತು. ಹತ್ತಿದವರು ಅದನ್ನು ದಾಟಿಕೊಂಡು ಹೋದರು. ಅವಳು ಕಣ್ಣು ಮುಚ್ಚಿಕೊಂಡಿದ್ದಳು. ನಿದ್ದೆಯಲ್ಲ ಎಂದು ಅವನಿಗೆ ಗೊತ್ತಿತ್ತು.

ಸಾಲಹಳ್ಳಿಯಲ್ಲಿ ಬಸ್ಸು ನಿಂತು ಮಂದಿ ನುಗ್ಗಿದರು. ಕಂಡಕ್ಟರ್ ಹಿಂದಿನಿಂದ ಕೂಗುತ್ತ ಬಂದ. "ಒಳಗ ನಡೀರಿ, ಒಳಗ! ಯವ್ವಾ, ಕಾಲು ಒಳಗ ತಗೋಬೇ. ಮಂದಿ ಹೆಂಗ ಹೋಗಬೇಕು?"

"ಹೂಂನಪಾ," ಎಂದಳು ಕೆಂಚವ್ವ ಕಣ್ಣು ಬಿಟ್ಟು, ಮತ್ತು ಕಾಲನ್ನು ಒಳಕ್ಕೆ ತೆಗೆದುಕೊಂಡಳು. ಹಿಮ್ಮಡಿ ನೆಲ ಸವರುತ್ತ ಬಂತು, ಸೀಟಿನ ಅಡಿಗೆ ಹೋಯಿತು, ಇನ್ನೂ ಸ್ವಲ್ಪ ಹಿಂದಕ್ಕೆ ಹೋಗಿ ನಿಂತಿತು.

ದುರ್ಗಪ್ಪ ಆ ಮೊಣಕಾಲನ್ನು ನೋಡಿದ; ತೊಂಬತ್ತು ದಾಟಿ ಬಗ್ಗಿತ್ತು. ಅವಳಿನ್ನೂ ಕಂಡಕ್ಟರನನ್ನೇ ನೋಡುತ್ತಿದ್ದಳು.

ಒಬ್ಬ ಹೆಂಗಸು ತಲೆಯ ಮೇಲಿನ ಬುಟ್ಟಿ ಇಳಿಸಿ, ಕಾಲಿದ್ದ ಜಾಗದಲ್ಲಿ ಇಟ್ಟು, ಕಂಬಿ ಹಿಡಿದು ನಿಂತಳು. ಬಸ್ಸು ಹೊರಟಿತು. ಬುಟ್ಟಿಯ ತುಂಬ ಮೆಂತ್ಯ ಸೊಪ್ಪು, ಆಗಷ್ಟೇ ಕಿತ್ತದ್ದು. ಎಲೆಗಳ ಮೇಲಿನ ನೀರು ಇನ್ನೂ ಆರಿ ಹೋಗಿರಲಿಲ್ಲ.